ಏಳು ಗಂಟೆಯ ಗಣಿತ

ಜುಲೈ ೮

ಅಪ್ಪನಿಗೆ,

ನಿನ್ನೆ ನೀವು ಫೋನ್ ಮಾಡಿದಾಗ ಹಿಂದೆ ಯಾರೋ ತಗಡು ಬಡಿಯುತ್ತಿದ್ದರು. "ಎಲ್ಲ ಹುಷಾರಾ? ಸರಿ, ಇಡ್ತೀನಿ" ಅಂದಿರಿ. ಒಂದು ವಿಷಯ ಕೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಆಗಿತ್ತು. ಅದಕ್ಕೇ ಈ ಕಾಗದ. ಕಾಗದವನ್ನು ಮಧ್ಯದಲ್ಲೇ ಇಟ್ಟುಬಿಡಲು ಆಗುವುದಿಲ್ಲವಲ್ಲ.

ವಿಷಯ ಇಷ್ಟೇ. ಈ ವರ್ಷ ವಿಶೇಷ ಗಣಿತ ತೆಗೆದುಕೊಂಡೆನಲ್ಲ, ಅದನ್ನು ಬಿಡಲೋ ಬೇಡವೋ ತಿಳಿಯುತ್ತಿಲ್ಲ. ಎಲ್ಲರೂ ಓದುವ ಗಣಿತ ಹತ್ತು ಗಂಟೆಗೆ ಕೆಳಗೆ ನಡೆಯುತ್ತದೆ. ಇದು ಅದರ ಮೇಲೆ ಬೇರೆ, ಬೆಳಗ್ಗೆ ಏಳಕ್ಕೆ, ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ. ಬೇಕೆಂದವರು ಮಾತ್ರ ಸೇರುವುದು. ಅಣ್ಣ ಕೂರುತ್ತಿದ್ದದ್ದೂ ಅದೇ ಕೋಣೆ, ಕಲಿಸುವವರೂ ಅದೇ ಮೇಡಂ. ಶುರುವಿನಲ್ಲಿ ಹತ್ತೊಂಬತ್ತು ಜನ ಇದ್ದೆವು, ಈಗ ಹದಿನಾಲ್ಕು. ಒಬ್ಬೊಬ್ಬರು ಬಿಟ್ಟಾಗಲೂ ಮೇಡಂ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾರೆ.

ಮೊದಲ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ಇಪ್ಪತ್ತಮೂರು. ಕಬ್ಬಿಣದ ಕಡಲೆ ಅನ್ನುವುದನ್ನು ಕೇಳಿದ್ದೆ, ಈಗ ಹಲ್ಲಿಗೇ ಗೊತ್ತಾಗುತ್ತಿದೆ. ಮೇಡಂ ಬೋರ್ಡಿನ ಮೇಲೆ ಬರೆಯುವಾಗ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಮನೆಗೆ ಬಂದು ಪುಸ್ತಕ ಬಿಚ್ಚಿದರೆ ಯಾರದೋ ಮನೆಗೆ ತಪ್ಪಿ ಹೊಕ್ಕಂತೆ. ಇದು ಇದ್ದರೆ ಮುಂದೆ ಎಂಜಿನಿಯರಿಂಗಿಗೆ ಅರ್ಜಿ ಹಾಕಬಹುದು, ಬಿಟ್ಟರೆ ಆ ದಾರಿ ಮುಚ್ಚಿದಂತೆಯೇ. ಇದರ ಹಿಂದೆ ಓಡಿ ಓಡಿ ಉಳಿದ ವಿಷಯಗಳೂ ಕೈಜಾರುತ್ತಿವೆ. ಬಿಡುವುದಾದರೆ ಆಗಸ್ಟ್ ಮೂವತ್ತೊಂದರೊಳಗೆ ಫಾರಂ ಕೊಡಬೇಕಂತೆ.

ಅಮ್ಮನನ್ನು ಕೇಳಿದೆ. ಯೂನಿಫಾರಂ ಹೊಲಿಯುವ ಕಾಲ ಅಲ್ಲವೇ, ಮನೆ ತುಂಬ ನೀಲಿ ದಾರ; ಕುಡಿಯುವ ನೀರಿನಲ್ಲೂ ಒಂದು ಎಳೆ ತೇಲುತ್ತಿರುತ್ತದೆ. ಮಿಷಿನ್ ನಿಲ್ಲಿಸದೆಯೇ, "ನನ್ನ ಕೇಳಬೇಡ. ಅಪ್ಪನ್ನ ಕೇಳು" ಅಂದಳು. ಅದಕ್ಕೇ ಕೇಳುತ್ತಿದ್ದೇನೆ. ನೀವು ಏನು ಹೇಳುತ್ತೀರಿ?

ನಿಮ್ಮ
ಗುಬ್ಬಿ


ಜುಲೈ ೨೧

ಗುಬ್ಬಿಗೆ,

ನಿನ್ನ ಕಾಗದ ಸಿಕ್ಕಿತು. ಅಕ್ಷರ ದುಂಡಗೆ ಚೆನ್ನಾಗಿದೆ. ನನ್ನದು ದಪ್ಪಗಾಗುತ್ತಿರುವುದಕ್ಕೆ ಬೈಯಬೇಡ. ವೆಲ್ಡಿಂಗ್ ಬೆಳಕಿಗೆ ಕಣ್ಣು ಸೋತಿದೆ, ಸಣ್ಣದಾಗಿ ಬರೆದರೆ ಬರೆದವನಿಗೇ ಕಾಣುವುದಿಲ್ಲ. ಮುಖವಾಡ ಹಾಕದೆ ಕೆಲಸ ಮಾಡುತ್ತೀರಾ ಎಂದು ಕೇಳಬೇಡ, ಹಾಕಿಯೇ ಮಾಡುತ್ತೇನೆ. ಇಪ್ಪತ್ತೆಂಟು ವರ್ಷದ ಬೆಳಕು ಅದು, ಗಾಜು ಎಷ್ಟು ತಡೆದೀತು.

ಈ ತಿಂಗಳು ನಮ್ಮ ಯಾರ್ಡಿಗೆ ರಿಪೇರಿಗೆಂದು ಒಂದು ಹಳೆಯ ಸರಕು ಹಡಗು ಬಂದಿದೆ. ದೊಡ್ಡ ಕಟ್ಟೆಯೊಳಗೆ ಅದನ್ನು ತಂದು ನಿಲ್ಲಿಸಿ ನೀರನ್ನೆಲ್ಲ ಹೊರಹಾಕಿದ್ದಾರೆ. ನೀರಿನಲ್ಲಿ ನೋಡಿದರೆ ಹಡಗು ಗಂಭೀರ. ನೀರಿಳಿದ ಮೇಲೆ ನೋಡಬೇಕು, ಹೊಟ್ಟೆಯ ತುಂಬ ಚಿಪ್ಪು, ಪಾಚಿ, ತುಕ್ಕು. ನಾನು ಚುಕ್ಕಾಣಿಯ ಹತ್ತಿರ ಬಿರುಕು ಬೆಸೆಯುತ್ತಿದ್ದೇನೆ. ಇಲ್ಲಿ ಒಬ್ಬ ಕ್ರೇನ್ ನಡೆಸುವವನಿದ್ದಾನೆ, ಎಲ್ಲರೂ ಅವನನ್ನು ತಾತ ಅನ್ನುತ್ತಾರೆ, ವಯಸ್ಸು ಮಾತ್ರ ನನಗಿಂತ ಎರಡು ವರ್ಷ ಕಡಿಮೆ. ಮೇಲೆ ಕೂತು ದಿನಕ್ಕೊಂದು ಸಲ, "ಕೆಳಗಿರೋರೆಲ್ಲ ಇರುವೆ ಥರ ಕಾಣ್ತೀರಿ, ಆದರೆ ಇರುವೆ ನಿಮಗಿಂತ ಜಾಸ್ತಿ ಕೆಲಸ ಮಾಡತ್ತೆ" ಎಂದು ಕೂಗುತ್ತಾನೆ.

ಅಮ್ಮನ ಮಂಡಿ ನೋವು ಹೇಗಿದೆ? ಮಿಷಿನ್ ಪೆಡಲಿಗೆ ಮೋಟಾರು ಹಾಕಿಸಿಕೊಳ್ಳಲಿ. ನಾನು ಹೇಳಿದೆ ಅನ್ನಬೇಡ, ನೀನೇ ಹೇಳಿದಂತೆ ಹೇಳು.

ಗಣಿತದ ವಿಷಯ, ನಿನಗೆ ಸರಿ ಕಂಡಂತೆ ಮಾಡು.

ಇಂತಿ,
ಅಪ್ಪ


ಆಗಸ್ಟ್ ೨

ಅಪ್ಪನಿಗೆ,

ಹಡಗಿನ ಬಗ್ಗೆ ಎರಡು ಪುಟ, ನನ್ನ ಬಗ್ಗೆ ಒಂದು ಸಾಲು. ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ನನಗೆ ಯಾವ ಕೋಣೆಗೆ ಬೆಳಕು?

ಕ್ಲಾಸಿನ ಬೇರೆ ಮಕ್ಕಳ ಅಪ್ಪಂದಿರು ಕೂಗಾಡುತ್ತಾರೆ. ಡಾಕ್ಟರ ಮಗ ಬಿಡುತ್ತೇನೆ ಅಂದದ್ದಕ್ಕೆ ಅವರ ಮನೆಯಲ್ಲಿ ಮೂರು ದಿನ ಯಾರೂ ಮಾತಾಡಲಿಲ್ಲವಂತೆ. ಅಂಚೆ ಕಚೇರಿಯವರ ಮಗಳಿಗೆ ಅವರಪ್ಪ, "ಬಿಟ್ಟುಬಿಡು ಮಾರಾಯ್ತಿ, ನಿನ್ನ ಮುಖ ನೋಡಕ್ಕಾಗ್ತಿಲ್ಲ" ಅಂದು ತಾವೇ ಬಂದು ಫಾರಂ ಕೊಟ್ಟುಹೋದರು. ಯಾವುದಾದರೂ ಒಂದು. ನನಗೆ ಎರಡೂ ಇಲ್ಲ.

ಎರಡನೇ ಪರೀಕ್ಷೆಯಲ್ಲಿ ಇಪ್ಪತ್ತೊಂಬತ್ತು. ಏರಿದೆ ಎಂದು ನಗಬೇಡಿ. ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ನಿನಗೆ ಬುದ್ಧಿ ಇಲ್ಲ ಅಂತಲ್ಲ. ಆದರೆ ನೀನು ಇಲ್ಲಿ ಯಾಕಿದ್ದೀಯ ಅಂತ ನಂಗೆ ಗೊತ್ತಾಗ್ತಿಲ್ಲ" ಅಂದರು. ಆಮೇಲೆ, "ಅಮ್ಮ ಹೇಗಿದ್ದಾರೆ?" ಅಂದರು. ಅಣ್ಣನ ವಿಷಯ ಯಾರಿಗೆ ನೆನಪಾದರೂ ಮುಂದಿನ ಪ್ರಶ್ನೆ ಅದೇ: ಅಮ್ಮ ಹೇಗಿದ್ದಾರೆ.

ಅಣ್ಣ ತೀರಿಕೊಂಡು ಒಂದೂವರೆ ವರ್ಷವಾಯಿತು. ನೀವು ಅವನ ಪೆಟ್ಟಿಗೆ ತಂದು ಮಂಚದ ಕೆಳಗಿಟ್ಟು ಮೂರನೇ ದಿನ ಹೊರಟವರು ಮತ್ತೆ ಈ ಮನೆಯ ಹೊಸಿಲು ತುಳಿದಿಲ್ಲ. ಅಮ್ಮ ನಿಮ್ಮ ಫೋನ್ ಬಂದರೆ ನನ್ನ ಕೈಗೆ ಕೊಟ್ಟು ಹೊಲಿಗೆಗೆ ಕೂರುತ್ತಾಳೆ. ನೀವಿಬ್ಬರೂ ಮಾತಾಡಬೇಕಾದದ್ದನ್ನೆಲ್ಲ ನನ್ನ ಮೂಲಕ ಮಂಡಿ ನೋವು ಮಾಡಿ ಕಳಿಸುತ್ತೀರಿ.

ಫಾರಂ ಇದರೊಳಗಿದೆ. "ಮುಂದುವರಿಸಲು ಒಪ್ಪಿಗೆ ಇದೆ", "ಕೈಬಿಡಲು ಒಪ್ಪಿಗೆ ಇದೆ" ಎಂದು ಎರಡು ಸಾಲು. ಒಂದಕ್ಕೆ ಗುರುತು ಹಾಕಿ ಕೆಳಗೆ ಸಹಿ ಮಾಡಿ ಕಳಿಸಿ. ತಪ್ಪಾದರೂ ಪರವಾಗಿಲ್ಲ.

ಗುಬ್ಬಿ


ಆಗಸ್ಟ್ ೧೩

ಗುಬ್ಬಿಗೆ,

ಸಹಿ ಹಾಕಿ ಕಳಿಸಿದ್ದೇನೆ. ಗುರುತು ನೀನೇ ಹಾಕಿಕೋ. ಯಾವುದಕ್ಕೆ ಹಾಕಿದರೂ ನನ್ನ ಒಪ್ಪಿಗೆ ಇದೆ.

ಹಡಗಿನ ಕೆಲಸ ಜೋರಾಗಿದೆ. ಹೆಚ್ಚು ಬರೆಯಲು ಆಗುತ್ತಿಲ್ಲ. ಊಟ ಸರಿಯಾಗಿ ಮಾಡು.

ಇಂತಿ,
ಅಪ್ಪ


ಆಗಸ್ಟ್ ೨೨

ಅಪ್ಪನಿಗೆ,

ಕೋಪ ಇಳಿಯಲಿ ಎಂದು ನಾಲ್ಕು ದಿನ ಕಾದು ಬರೆಯುತ್ತಿದ್ದೇನೆ. ಇಳಿದಿಲ್ಲ.

ಭಾನುವಾರ ಅಮ್ಮ ಯೂನಿಫಾರಂ ಕೊಟ್ಟುಬರಲು ಹೋಗಿದ್ದಾಗ ಅಣ್ಣನ ಪೆಟ್ಟಿಗೆ ತೆಗೆದೆ. ಅವನ ಹಳೆಯ ನೋಟ್‌ಬುಕ್ ಸಿಕ್ಕರೆ ಲೆಕ್ಕಗಳಾದರೂ ತಿಳಿದಾವು ಅಂದುಕೊಂಡೆ. ಬೀಗ ಹಾಕಿಯೇ ಇರಲಿಲ್ಲ. ಇಷ್ಟು ದಿನ ನಾವು ಮೂವರೂ ಅದಕ್ಕೆ ಬೀಗ ಇದೆ ಅನ್ನುವಂತೆ ನಡೆದುಕೊಂಡಿದ್ದೆವು.

ಎರಡು ಅಂಗಿ, ಒಂದು ಟವೆಲು, ತಳ ಸವೆದ ಚಪ್ಪಲಿ. ಮೂಟೆ ಹೊರುವವರಿಗೆ ಕೊಡುವ ಹಿತ್ತಾಳೆಯ ಬಿಲ್ಲೆ. ವಿಶೇಷ ಗಣಿತದ ನೋಟ್‌ಬುಕ್, ಅದರೊಳಗೆ ನೀವು ಅವನಿಗೆ ಬರೆದ ಕಾಗದ. ಅವನೂ ನಿಮ್ಮನ್ನು ಇದನ್ನೇ ಕೇಳಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ. ಅವನಿಗೆ ನೀವು ನಾಲ್ಕು ಪುಟ ಬರೆದಿದ್ದೀರಿ ಅಪ್ಪ.

"ಎಂಟನೇ ತರಗತಿಗೆ ನನ್ನನ್ನು ಶಾಲೆ ಬಿಡಿಸಿದರು, ನಾನಾಗಿ ಬಿಟ್ಟದ್ದಲ್ಲ. ನಮ್ಮ ಮನೆಯಲ್ಲಿ ಅರ್ಧಕ್ಕೆ ಕೈಬಿಟ್ಟು ಬಂದವರಿಲ್ಲ. ನಿನಗೆ ಎಲ್ಲ ಇದೆ, ಮೈ ಬಗ್ಗಿಸುವ ಮನಸ್ಸೊಂದಿಲ್ಲ. ಸೋಮಾರಿಗೆ ಒಂದೂ ಒಂದೂ ಕೂಡಿಸುವುದೂ ಕಷ್ಟವೇ. ಕಬ್ಬಿಣ ಕರಗಿಸುವವನ ಮಗನಿಗೆ ಕಬ್ಬಿಣದ ಕಡಲೆ ಅಗಿಯಲು ಆಗದೇನು? ಪಾಸಾಗಿ ಬಂದು ನನಗೆ ಮುಖ ತೋರಿಸು."

ಇವು ನಿಮ್ಮವೇ ಸಾಲು, ಒಂದಕ್ಷರ ಬದಲಿಸದೆ ನಕಲು ಮಾಡಿದ್ದೇನೆ.

ಆ ನೋಟ್‌ಬುಕ್ಕಿನಲ್ಲಿ ಒಂದೇ ಲೆಕ್ಕವನ್ನು ಅವನು ಹನ್ನೊಂದು ಸಲ ಮಾಡಿದ್ದಾನೆ. ಪ್ರತಿ ಸಲವೂ ಹೊಸ ಪುಟದಲ್ಲಿ, ಮೇಲೆ ತಾರೀಖು ಹಾಕಿ, ಮೊದಲಿಂದ. ಮೇಡಂ ಹೇಳಿದ ಉತ್ತರವನ್ನು ಪಕ್ಕದಲ್ಲೇ ಬರೆದಿಟ್ಟುಕೊಂಡಿದ್ದಾನೆ, ಹನ್ನೊಂದು ಸಲವೂ ಅದಕ್ಕೆ ತಾಳೆಯಾಗಿಲ್ಲ. ಕೊನೆಯಲ್ಲಿ ಸಣ್ಣದಾಗಿ "ಇಲ್ಲ" ಎಂದು ಬರೆದು ಪುಟ ತಿರುಗಿಸಿದ್ದಾನೆ. ಅವನು ಸೋಮಾರಿ ಆಗಿರಲಿಲ್ಲ ಅಪ್ಪ.

ಈ ತರಗತಿಗೆ ನಾನು ಯಾಕೆ ಸೇರಿದೆ ಎಂದು ಮೇಡಂ ಕೇಳಿದಾಗ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ. ನನಗೆ ಎಂಜಿನಿಯರ್ ಆಗಬೇಕೆಂದಿಲ್ಲ. ಫೇಲಾದವನು ಮನೆಗೆ ಬರದೆ, ಯಾವುದೋ ಊರಿನಲ್ಲಿ ಮೂಟೆ ಹೊತ್ತು, ಜ್ವರ ಬಂದರೂ ನಮಗೆ ಒಂದು ಮಾತು ತಿಳಿಸದೆ ಹೋದನಲ್ಲ, ಅಂಥಾದ್ದು ಆ ಕೋಣೆಯಲ್ಲಿ ಏನಿತ್ತು ಎಂದು ನೋಡಬೇಕಿತ್ತು. ಅವನು ಕೂರುತ್ತಿದ್ದ ಕಿಟಕಿ ಪಕ್ಕದ ಬೆಂಚನ್ನೇ ಕೇಳಿ ತೆಗೆದುಕೊಂಡೆ. ಅಲ್ಲಿಂದ ನೀರಿನ ಟ್ಯಾಂಕು ಮತ್ತು ಅರ್ಧ ಆಕಾಶ ಕಾಣುತ್ತದೆ, ಅಷ್ಟೇ.

ಈಗ ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ. ಅವನಿಗೆ ಬೈದು ನಾಲ್ಕು ಪುಟ ಬರೆದಿರಿ. ನನಗೆ ಬೈಯುವಷ್ಟೂ ನಾನು ನಿಮಗೆ ಬೇಡವೇ?

ಗುಬ್ಬಿ


ಆಗಸ್ಟ್ ೨೯

ಗುಬ್ಬಿ,

ಈ ಕಾಗದ ಮೂವತ್ತೊಂದಕ್ಕೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತು. ಫೋನ್ ಮಾಡಬಹುದಿತ್ತು. ಮೂರು ಸಲ ನಂಬರ್ ಒತ್ತಿ, ಆ ಕಡೆ ಒಂದು ರಿಂಗ್ ಆಗುತ್ತಲೇ ಇಟ್ಟುಬಿಟ್ಟೆ. ಹೇಳಬೇಕಾದದ್ದು ಬಾಯಲ್ಲಿ ಬರುವಂಥದ್ದಲ್ಲ. ಇವತ್ತು ಕೆಲಸಕ್ಕೆ ರಜೆ ಹಾಕಿ ಯಾರ್ಡಿನ ಹಿಂದಿನ ಸರಪಳಿ ಗುಡ್ಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ತಾತ ಎರಡು ಸಲ ಬಂದು, "ಏನಯ್ಯಾ, ಆಸ್ತಿ ಬರೀತಿದ್ದೀಯಾ?" ಎಂದು ಕೇಳಿಹೋದ.

ಆ ನಾಲ್ಕು ಪುಟದ ಕಾಗದವನ್ನು ನಾನು ಅಂಚೆಗೆ ಹಾಕುವ ಮೊದಲು ಇಲ್ಲಿ ಊಟದ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿನಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು. ಓದು ಬರಹ ಬಲ್ಲವನು ಎಂದು ಇಲ್ಲಿ ನನಗೆ ಸ್ವಲ್ಪ ಹೆಸರು. ಕಬ್ಬಿಣದ ಕಡಲೆಯ ಮಾತು ಬಂದಾಗ ಇಪ್ಪತ್ತು ಜನ ತಟ್ಟೆ ಬಡಿದು ನಕ್ಕರು. "ಇನ್ನೊಂದು ಸಲ ಓದು" ಅಂದರು, ಓದಿದೆ. ಮಗನಿಗೆ ಏನಾಗುತ್ತದೆ ಎಂದು ಆಗ ಯೋಚಿಸಲಿಲ್ಲ. ಮಾತು ಚೆನ್ನಾಗಿ ಕೂತಿತಲ್ಲ ಅನ್ನುವ ಖುಷಿ. ಅವನ ಉತ್ತರ ಬಂತು, ಎರಡೇ ಶಬ್ದ: "ಆಯ್ತು ಅಪ್ಪ."

ಮುಖ ತೋರಿಸು ಅಂದದ್ದು ಬಾಯಿಮಾತು. ಎಲ್ಲ ಅಪ್ಪಂದಿರೂ ಅನ್ನುತ್ತಾರೆ. ಅವನು ಅದನ್ನು ಹಾಗೇ ನಡೆಸಿಬಿಟ್ಟ.

ಇನ್ನೊಂದು ವಿಷಯ. ಇದರ ಬಗ್ಗೆ ನಿನಗೂ ಅಮ್ಮನಿಗೂ ನಾನು ಸುಳ್ಳು ಹೇಳಿದ್ದೇನೆ. ನಾನು ಆ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು ಅಂದಿದ್ದೆ. ಮುಗಿದಿರಲಿಲ್ಲ.

ಅವನು ಬಾಡಿಗೆಗಿದ್ದ ಮನೆಯಾಕೆ ಹೇಳಿಕಳಿಸಿದ್ದರಿಂದ ನಾನು ಹೊರಟೆ. ಒಂಬತ್ತು ದಿನದಿಂದ ಜ್ವರವಂತೆ, "ಮನೆಗೆ ತಿಳಿಸಬೇಡಿ" ಎಂದು ಕೈಮುಗಿದು ಕೇಳಿದ್ದನಂತೆ. ಅವನ ಪರೀಕ್ಷೆಯ ಅರ್ಜಿಯಲ್ಲಿ ನನ್ನ ಇಲ್ಲಿನ ವಿಳಾಸ ಹುಡುಕಿದಳಂತೆ ಆ ಪುಣ್ಯಾತ್ಗಿತ್ತಿ. ಆಸ್ಪತ್ರೆಗೆ ಸೇರಿಸಿ ಆಗಿತ್ತು, ಆದರೆ ತಡವಾಗಿತ್ತು. ನಾನು ಹೋದಾಗ ಮಧ್ಯಾಹ್ನ ಒಂದು ಗಂಟೆ. ಅವನಿಗೆ ಎಚ್ಚರವಿತ್ತು. ನನ್ನನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನಾನು ಕೂತೆ. ತುಂಬ ಹೊತ್ತಾದ ಮೇಲೆ ಗೋಡೆಯ ಕಡೆಯೇ ನೋಡುತ್ತಾ, "ಅಪ್ಪ, ಮಾರ್ಚಿಗೆ ಮತ್ತೆ ಕಟ್ಟಿದ್ದೀನಿ. ಈ ಸಲ ಆಗತ್ತೆ" ಅಂದ.

ನಾನು ಏನು ಹೇಳಬೇಕಿತ್ತು ಗುಬ್ಬಿ? ಪರೀಕ್ಷೆ ಹಾಳಾಗಿ ಹೋಗಲಿ, ನೀನು ಮನೆಗೆ ಬಾ ಅನ್ನಬೇಕಿತ್ತು. ಯಾವ ದಡ್ಡನಿಗೂ ಅಷ್ಟು ತಿಳಿಯುತ್ತದೆ. ನನ್ನ ಬಾಯಿಗೆ ಬಂದದ್ದು, "ಆಗಲಿ. ಚೆನ್ನಾಗಿ ಓದು."

ಅವನು ತಲೆಯಾಡಿಸಿದ. ನಾಲ್ಕೂವರೆಗೆ ಹೋದ.

ಅಲ್ಲಿಂದ ಬಂದಮೇಲೆ ನಿಮ್ಮಿಬ್ಬರ ಮುಂದೆ ಇದನ್ನು ಹೇಗೆ ಹೇಳಲಿ? ಸುಳ್ಳು ಹೇಳಿ ಓಡಿಬಂದೆ. ನೀನು ಜುಲೈಯಲ್ಲಿ ಅದೇ ಪ್ರಶ್ನೆ ಕೇಳಿ ಬರೆದಾಗ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತಿರುಗಿದೆ. ಮುಂದುವರಿಸು ಅಂದರೆ ಅದೇ ಬಾಯಿ. ಬಿಡು ಅಂದರೆ, ಅವನಿಗೆ ಕೊಡದ ಮಾತನ್ನು ನಿನಗೆ ಕೊಟ್ಟಂತೆ, ಅವನು ಎಲ್ಲಿದ್ದರೂ ಕೇಳಿಸಿಕೊಂಡಾನು ಅನ್ನಿಸಿತು. ಅದಕ್ಕೇ ಹಡಗಿನ ಕಥೆ ಹೇಳಿದೆ. ನೀನು ಬೇಡವಾಗಿ ಅಲ್ಲ. ನನ್ನ ಬಾಯಿಗೆ ನಾನೇ ಹೆದರಿ.

ಈಗ ಹೇಳುತ್ತೇನೆ, ತಡವಾದರೂ. ಬಿಡು ಗುಬ್ಬಿ. ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದಲ್ಲ. ಬಿಟ್ಟರೂ ಆಕಾಶ ಕಳಚಿ ಬೀಳುವುದಿಲ್ಲ ಎಂದು ಈ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಾಗಲಿ. ಒಂದು ವೇಳೆ ನೀನು ಮುಂದುವರಿಸಿಯಾಗಿದ್ದರೆ, ಅದೂ ಸರಿ. ಸೊನ್ನೆ ಬಂದರೆ ಸೊನ್ನೆಯನ್ನೇ ಹಿಡಿದುಕೊಂಡು ಮನೆಗೆ ಹೋಗು. ಬಾಗಿಲು ತಟ್ಟುವ ಮೊದಲು ಯೋಚನೆ ಮಾಡಬೇಡ.

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದು. ಮತ್ತೆ ನಿನ್ನ ತಲೆಗೇ ಕಟ್ಟುತ್ತಿದ್ದೇನೆ, ನೋಡು. ಅಭ್ಯಾಸ.

ನಿನ್ನ
ಅಪ್ಪ


ಸೆಪ್ಟೆಂಬರ್ ೭

ಅಪ್ಪ,

ನಿಮ್ಮ ಕಾಗದ ಮೂರನೇ ತಾರೀಖು ಬಂತು. ನಾನು ಮೂವತ್ತೊಂದಕ್ಕೇ ಫಾರಂ ಕೊಟ್ಟಿದ್ದೆ. ಕೈಬಿಡುವ ಸಾಲಿಗೇ ಗುರುತು ಹಾಕಿದೆ.

ಹೇಗಾಯಿತು ಹೇಳುತ್ತೇನೆ. ಇಪ್ಪತ್ತೇಳರಂದು ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ನೋಡುತ್ತಲೇ ಗುರುತು ಸಿಕ್ಕಿತು, ಅಣ್ಣ ಹನ್ನೊಂದು ಸಲ ಮಾಡಿದ ಲೆಕ್ಕ ಅದು. ಪ್ರತಿ ವರ್ಷ ಅದನ್ನೇ ಕೊಡುತ್ತಾರಂತೆ. ಮನೆಗೆ ಬಂದು ಅವನ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ಮಾಡಲು ಕೂತೆ. ಎರಡು ಗಂಟೆ ಹಿಡಿಯಿತು. ನನಗೆ ಉತ್ತರ ಬಂತು ಅಪ್ಪ, ಯಾರ ಸಹಾಯವೂ ಇಲ್ಲದೆ. ಆಮೇಲೆ ಅವನು ಎಲ್ಲಿ ತಪ್ಪಿದ ಎಂದು ಸಾಲು ಸಾಲಾಗಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ಅವನು ಪ್ರಶ್ನೆಯನ್ನೇ ತಪ್ಪಾಗಿ ಬರೆದುಕೊಂಡಿದ್ದ. ಬೋರ್ಡಿನಲ್ಲಿ ಐದು ಇದ್ದದ್ದು ಅವನ ಪುಸ್ತಕದಲ್ಲಿ ಆರು. ಅದನ್ನಿಟ್ಟುಕೊಂಡು ಹನ್ನೊಂದು ಸಲ ಸರಿಯಾಗಿಯೇ ಮಾಡಿದ್ದಾನೆ. ಪಕ್ಕದವನ ಪುಸ್ತಕ ಒಂದು ಸಲ ಇಣುಕಿದ್ದರೆ ಸಾಕಿತ್ತು. ಯಾರನ್ನೂ ಕೇಳಲಿಲ್ಲ, ಕೇಳಿದರೆ ಬರುವುದಿಲ್ಲ ಎಂದು ಗೊತ್ತಾಗುತ್ತದಲ್ಲ.

"ಲೋ, ಇಲ್ಲಿ ನೋಡೋ, ಐದು ಕಣೋ ಇದು" ಎಂದು ಹೇಳಲು ತಲೆಯೆತ್ತಿದೆ. ಹೇಳಲು ಅವನು ಎಲ್ಲಿದ್ದಾನೆ. ಆ ದಿನ ಅತ್ತಷ್ಟು ಅವನು ಹೋದ ದಿನವೂ ಅತ್ತಿರಲಿಲ್ಲ.

ಅಷ್ಟಾದ ಮೇಲೆ ಆ ಕೋಣೆಯಲ್ಲಿ ನನಗೆ ಕೆಲಸ ಉಳಿದಿರಲಿಲ್ಲ.

ಮೂವತ್ತೊಂದಕ್ಕೆ ಮೇಡಂ ಫಾರಂ ಓದಿ ತುಂಬ ಹೊತ್ತು ಮಡಿಸಿ ಮಡಿಸಿ ಇಟ್ಟುಕೊಂಡರು. "ಮೊನ್ನೆ ಲೆಕ್ಕ ಸರಿ ಮಾಡಿದ್ದು ನೀನೊಬ್ಬಳೇ. ಈಗ ಬಿಡ್ತೀಯಾ?" ಅಂದರು. ಹೂಂ ಅಂದೆ. ಆಮೇಲೆ ಅವರು, "ನಿಮ್ಮಣ್ಣನೂ ಬಂದಿದ್ದ. ಇಲ್ಲೇ, ನೀನು ನಿಂತ ಜಾಗದಲ್ಲೇ. ಮನೇಲಿ ಕೇಳ್ಕೊಂಡು ಬಾ ಅಂತ ಕಳಿಸಿದೆ. ಮತ್ತೆ ಬರಲಿಲ್ಲ. ಬರಲಿಲ್ಲ ಅಂದ್ರೆ ಧೈರ್ಯ ತಗೊಂಡಿದ್ದಾನೆ ಅಂದ್ಕೊಂಡೆ" ಅಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆಯುವಾಗ ಸ್ಕೇಲ್ ಇಟ್ಟುಕೊಳ್ಳಲಿಲ್ಲ. ಗೆರೆ ಸೊಟ್ಟಗಾಯಿತು.

ಬಿಟ್ಟಮೇಲೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮಾರನೆ ದಿನ ಐದೂವರೆಗೇ ಎಚ್ಚರವಾಗಿ ಏನು ಮಾಡುವುದು ತಿಳಿಯದೆ ಹಾಸಿಗೆಯ ಮೇಲೆ ಕೂತೆ. ಅವನ ಬೆಂಚಿನಲ್ಲಿ ಅವನನ್ನು ಒಬ್ಬನೇ ಬಿಟ್ಟು ಎದ್ದುಬಂದಂತೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಇನ್ನು ಎಂಜಿನಿಯರಿಂಗ್ ಇಲ್ಲ. ಮುಂದೆ ಏನು ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ನಿಮ್ಮ ಕಾಗದವನ್ನು ಮೊದಲು ಒಬ್ಬಳೇ ಓದಿದೆ. ಅಮ್ಮನಿಗೆ ಹೇಳಿದರೆ ಏನಾಗುತ್ತದೋ ಎಂದು ಎರಡು ದಿನ ಪುಸ್ತಕದೊಳಗೆ ಇಟ್ಟುಕೊಂಡೆ. ಈ ಮನೆಯಲ್ಲಿ ಎಲ್ಲರೂ ಮಾಡಿದ್ದು ಇದನ್ನೇ ಅಲ್ಲವೇ ಅನ್ನಿಸಿ ಮೂರನೇ ದಿನ ಅಮ್ಮನ ಪಕ್ಕ ಕೂತು ಓದಿದೆ. ಮಿಷಿನ್ ನಿಂತಿತು. ಮಾರ್ಚಿಗೆ ಕಟ್ಟಿದ್ದೇನೆ ಅನ್ನುವ ಸಾಲು ಬಂದಾಗ ಕೈಯೆತ್ತಿ ನಿಲ್ಲಿಸಿದಳು. "ಮತ್ತೆ ಓದು" ಅಂದಳು. ಓದಿದೆ. ಪೂರ್ತಿ ಆದಮೇಲೆ ಕಾಗದ ಇಸಿದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಕಾಗದ ಈಗಲೂ ಅವಳ ಹತ್ತಿರವೇ ಇದೆ.

ನೀವು ಬಿಡು ಅಂದದ್ದು ತಡವಾಗಿ ಬಂತು. ಆದರೂ ಬಂತಲ್ಲ. ಆ ಒಂದು ಸಾಲನ್ನು ಅವನ ಪರವಾಗಿಯೂ ನಾನೇ ಓದಿಕೊಂಡೆ.

ನಿಮ್ಮ
ಗುಬ್ಬಿ


ಸೆಪ್ಟೆಂಬರ್ ೧೪

ಇವರಿಗೆ,

ಕಾಗದ ಬರೆದು ಎಷ್ಟು ವರ್ಷವಾಯಿತೋ, ಹೇಗೆ ಶುರು ಮಾಡುವುದು ಮರೆತಿದೆ. ತಪ್ಪಿದ್ದರೆ ಓದಿಕೊಳ್ಳಿ. ಗುಬ್ಬಿ ಶಾಲೆಗೆ ಹೋಗಿದ್ದಾಳೆ, ನಾನು ಬರೆಯುವುದು ಅವಳಿಗೆ ಗೊತ್ತಿಲ್ಲ.

ಮೊದಲು ನನ್ನದು ಹೇಳುತ್ತೇನೆ. ನಿಮ್ಮ ಆ ನಾಲ್ಕು ಪುಟದ ಕಾಗದ ಬಂದ ದಿನ ದೊಡ್ಡೋನು ಅದನ್ನು ಓದಿ ಅಡುಗೆಮನೆಗೆ ಬಂದ. ಬಾಗಿಲಿಗೆ ಒರಗಿ ನಿಂತು, "ಅಮ್ಮ, ನೀನೇನಂತೀಯ?" ಅಂದ. ನನಗೆ ಒಲೆಯ ಮೇಲೆ ಏನೋ ಹೊತ್ತುತ್ತಿತ್ತು. "ನಂಗೇನು ಗೊತ್ತಾಗತ್ತೆ, ಅಪ್ಪ ಹೇಳಿದ ಹಾಗೆ ಮಾಡು" ಅಂದೆ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದ. ನಾನು ತಿರುಗಿ ನೋಡಲಿಲ್ಲ. ಅವನ ಮುಖ ನೋಡಿದ್ದರೆ ಬೇರೆ ಮಾತು ಬರುತ್ತಿತ್ತೇನೋ. ಇದನ್ನು ನಾನು ಯಾರಿಗೂ ಹೇಳಿಲ್ಲ. ಎಲ್ಲ ನಿಮ್ಮ ಕಾಗದದಿಂದ ಆಯಿತು ಎಂದು ನಿಮ್ಮ ಮೇಲೆ ಹೊರಿಸಿ, ಫೋನ್ ಮುಟ್ಟದೆ ಕೂತೆ. ನೀವು ಹೇಳಿದಿರಿ, ನಾನು ಹೂಂ ಅಂದೆ. ಅವನನ್ನು ಇಬ್ಬರೂ ಸೇರಿಯೇ ಕಳಿಸಿದ್ದು.

ಈಗ ನಿಮ್ಮದು. ಕೊನೆಯ ಹೊತ್ತಿನಲ್ಲಿ ನನ್ನ ಮಗನ ಪಕ್ಕ ಯಾರೂ ಇರಲಿಲ್ಲ ಅಂದುಕೊಂಡು ಒಂದೂವರೆ ವರ್ಷ ಊರ ಮಕ್ಕಳಿಗೆಲ್ಲ ಬಟ್ಟೆ ಹೊಲಿದಿದ್ದೇನೆ. ಗುಂಡಿ ಹಾಕುವಾಗಲೂ ಅದೇ, ದಾರ ಕಚ್ಚುವಾಗಲೂ ಅದೇ: ಯಾರೂ ಇರಲಿಲ್ಲ, ಬಾಯಿಗೆ ನೀರು ಬಿಡುವವರೂ ಇರಲಿಲ್ಲ. ನೀವಿದ್ದಿರಿ. ಮೂರೂವರೆ ಗಂಟೆ ಇದ್ದಿರಿ. ಅದನ್ನು ನನ್ನಿಂದ ಬಚ್ಚಿಟ್ಟದ್ದಕ್ಕೆ ಮನಸ್ಸು ಒಪ್ಪಿ ಕ್ಷಮಿಸಲು ಆಗುತ್ತಿಲ್ಲ. ಮುಂದೆಯೂ ಆಗುತ್ತದೋ ಇಲ್ಲವೋ. ಆದರೆ ನೀವಿದ್ದಿರಿ ಎಂದು ತಿಳಿದ ದಿನ ನಾನು ನೆಟ್ಟಗೆ ನಿದ್ದೆ ಮಾಡಿದೆ.

ನೀವು ಓದು ಅಂದದ್ದಕ್ಕೆ ಅವನು ತಲೆಯಾಡಿಸಿದ ಅಂದಿರಲ್ಲ. ಹಾಗಾದರೆ ಮಾರ್ಚಿ ಬರುತ್ತದೆ ಎಂದೇ ಅವನು ಅಂದುಕೊಂಡಿದ್ದ. ನಿಮಗೆ ಅದು ಚುಚ್ಚುತ್ತಿದೆ. ನನಗೆ ಅದೊಂದೇ ಹಿಡಿದುಕೊಳ್ಳಲು ಸಿಕ್ಕಿದೆ.

ಮೂರೂವರೆ ಗಂಟೆಯಲ್ಲಿ ನೀವು ಬರೆದದ್ದು ಎರಡು ಮಾತು. ಉಳಿದದ್ದು ಎಲ್ಲಿ? ಅವನು ಯಾವ ಅಂಗಿ ಹಾಕಿದ್ದ? ಎಷ್ಟು ಸೊರಗಿದ್ದ? ನೀರು ಕೇಳಿದನಾ? ಕೈ ಹಿಡಿದುಕೊಂಡಿರಾ, ಬಿಡಿಸಿಕೊಂಡನಾ? ನನ್ನ ಬಗ್ಗೆ ಏನಾದರೂ ಅಂದನಾ, ಇಲ್ಲವಾ? ಇಲ್ಲ ಅಂದರೂ ನನಗೆ ಬೇಕು.

ಇದಕ್ಕೆ ಉತ್ತರ ಬರೆಯಬೇಡಿ. ಬಂದು ಹೇಳಿ. ಬೆಳಗಿನ ಗಾಡಿಗೆ ಬಂದರೆ ಸ್ಟೇಷನ್ನಿಗೆ ಗುಬ್ಬಿಯನ್ನು ಕಳಿಸುವುದಿಲ್ಲ, ನಾನೇ ಬರುತ್ತೇನೆ.

ಇಂತಿ,
ದೊಡ್ಡೋನ ಅಮ್ಮ